‘ಬೇಡ’ ಇದ್ದ ಜಾಗ

ಆಫೀಸಿನಲ್ಲಿ ಅವನಿಗೆ ‘ಅರ್ಧಬೆರಳು’ ಎಂದು ಹೆಸರು. ಇಟ್ಟವರು ಯಾರೋ ಗೊತ್ತಿಲ್ಲ, ಇಟ್ಟ ಹೆಸರು ಮಾತ್ರ ಬಿಡದೆ ಅಂಟಿಕೊಂಡಿತು. ಮೀಟಿಂಗಿನಲ್ಲಿ ಎಲ್ಲರೂ ಊಟದ ಹೊತ್ತಾಯಿತೆಂದು ಕುರ್ಚಿಯಲ್ಲಿ ಮಿಸುಕಾಡುತ್ತಿದ್ದರೆ ಇವನೊಬ್ಬ ಎದ್ದು ಹೋಗಿ, ಗೋಡೆಯ ಮೇಲಿನ ಸ್ಕ್ರೀನಿಗೆ ಮೂಗು ತಾಗುವಷ್ಟು ಬಗ್ಗಿ, “ಈ ಗುಂಡಿ ಒಂದರ್ಧ ಬೆರಳು ಆ ಕಡೆ ಸರೀಬೇಕಲ್ವಾ?” ಎನ್ನುತ್ತಿದ್ದ. ಎಲ್ಲರೂ ಹಣೆ ಚಚ್ಚಿಕೊಳ್ಳುತ್ತಿದ್ದರು. ಸರಿಸುತ್ತಲೂ ಇದ್ದರು, ಯಾಕೆಂದರೆ ಹತ್ತಕ್ಕೆ ಒಂಬತ್ತು ಸಲ ಅವನು ಹೇಳಿದ್ದೇ ಸರಿಯಾಗಿರುತ್ತಿತ್ತು.

ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಯಂತ್ರ, ಆಸ್ಪತ್ರೆಯಲ್ಲಿ ಟೋಕನ್ ಕೊಡುವ ಯಂತ್ರ, ಗಾಡಿ ನಿಲ್ಲಿಸುವಲ್ಲಿ ಚೀಟಿ ಉಗುಳುವ ಯಂತ್ರ, ಇವುಗಳ ಮುಖ ಮಾಡುವುದು ಅವನ ಕೆಲಸ. ಹೊಟ್ಟೆಯೊಳಗಿನ ವೈರು, ಮೋಟಾರು ಬೇರೆಯವರದು. ಕಣ್ಣಿಗೆ ಏನು ಕಾಣಬೇಕು, ಯಾವುದು ಮೊದಲು ಕಾಣಬೇಕು, ಬೆರಳು ಎಲ್ಲಿಗೆ ಹೋಗಬೇಕು, ಹೋದ ಮೇಲೆ ಯಂತ್ರ ಏನೆನ್ನಬೇಕು ಎಂಬುದೆಲ್ಲ ಇವನದು. ನೆಂಟರು ಕೇಳಿದರೆ, “ಗುಂಡಿ ಎಲ್ಲಿರಬೇಕು ಅಂತ ಹೇಳ್ತೀನಿ” ಎನ್ನುತ್ತಿದ್ದ. “ಅದಕ್ಕೂ ಸಂಬಳ ಕೊಡ್ತಾರಾ?” ಎಂದು ಅವರು ನಗುತ್ತಿದ್ದರು.

ನಗುವವರು ನಗಲಿ. ಹಿಂದೆ ಉದ್ದನೆಯ ಸಾಲು ಗೊಣಗುತ್ತ ನಿಂತಿರುವಾಗ, ಯಂತ್ರದ ಮುಂದೆ ತಬ್ಬಿಬ್ಬಾಗಿ, ಎಲ್ಲಿ ಒತ್ತಬೇಕೋ ತಿಳಿಯದೆ, ನಿಮ್ಮನ್ನು ನೀವೇ ಪೆದ್ದರೆಂದು ಬೈದುಕೊಂಡಿದ್ದೀರಲ್ಲ? ಅರ್ಧಬೆರಳಿನ ಪ್ರಕಾರ ಪೆದ್ದರು ನೀವಲ್ಲ, ಅದನ್ನು ಮಾಡಿದವರು. ಒತ್ತಬೇಕಾದದ್ದು ಒತ್ತುವಂತೆ ಕಾಣಬೇಕು. ಒತ್ತಿದ ಕೂಡಲೇ ಯಂತ್ರ ಹೇಗಾದರೂ ಓಗೊಡಬೇಕು. ಕೈತಪ್ಪಿದವನಿಗೆ ಹಿಂದಿರುಗಲು ದಾರಿ ಇರಬೇಕು. ಒಂದು ಯಂತ್ರದಲ್ಲಿ ಕಲಿತದ್ದು ಇನ್ನೊಂದರಲ್ಲೂ ನಡೆಯಬೇಕು. ಇಷ್ಟನ್ನು ಹೇಳಲು ಅವನಿಗೆ ಬೋರ್ಡೂ ಬೇಡ, ಕೇಳುವವರೂ ಬೇಡ. ಲಿಫ್ಟಿನಲ್ಲಿ ಸಿಕ್ಕವರನ್ನೂ ಹಿಡಿದು ಹೇಳುತ್ತಿದ್ದ.

ಹೊಸ ಸ್ಕ್ರೀನು ತಯಾರಾದಾಗ ಬೀದಿಯಲ್ಲಿ ಹೋಗುವ ಯಾರನ್ನಾದರೂ ಕರೆತಂದು ಕೂರಿಸಿ, “ಇದ್ರಲ್ಲಿ ಒಂದು ಟಿಕೆಟ್ ತಗೊಳ್ಳಿ ನೋಡೋಣ” ಎಂದು ಪಕ್ಕದಲ್ಲಿ ಕೂರುವುದು ಅವರ ಪದ್ಧತಿ. ಕೂತವನು ತುಟಿ ಪಿಟಕ್ಕೆನ್ನಬಾರದು. ಬಂದವರು ತಡವರಿಸಲಿ, ಬೆವರಲಿ, ತಪ್ಪು ಒತ್ತಲಿ, ಕಣ್ಣಲ್ಲೇ ಅಂಗಲಾಚಲಿ, ಬಾಯಿಗೆ ಬೀಗ. ಸಹಾಯ ಮಾಡಿದರೆ ಸ್ಕ್ರೀನಿನ ತಪ್ಪು ಮುಚ್ಚಿಹೋಗುತ್ತದೆ. ಹಾಗೆ ಸುಮ್ಮನೆ ಕೂರುವುದರಲ್ಲಿ ಅರ್ಧಬೆರಳನ್ನು ಮೀರಿಸಿದವರಿರಲಿಲ್ಲ. ಆಮೇಲೆ ಎದ್ದುಹೋಗಿ ಎಲ್ಲವನ್ನೂ ಮತ್ತೆ ಸರಿಸುತ್ತಿದ್ದ. ಒಮ್ಮೆ ಮಾಡಿದ್ದನ್ನು ಅಷ್ಟಕ್ಕೇ ಬಿಡುವ ಜಾಯಮಾನ ಅವನದಲ್ಲ.

ಈ ಮನುಷ್ಯನನ್ನು ಸಾಕಿದವಳು ಅವನ ಅಕ್ಕ. ಅಮ್ಮ ತೀರಿಕೊಂಡಾಗ ಇವನಿಗೆ ಇನ್ನೂ ಚಡ್ಡಿ ಏರಿಸಿಕೊಳ್ಳಲು ಬರುತ್ತಿರಲಿಲ್ಲ. ಅಕ್ಕ ಇವನ ಮೂಗು ಒರೆಸಿ, ಶಾಲೆಗೆ ಅಟ್ಟಿ, ತಾನು ಔಷಧಿ ಅಂಗಡಿಯ ಕೌಂಟರಿಗೆ ಹೋದಳು. ಅಲ್ಲೇ ಅವಳ ಆಯುಷ್ಯವೆಲ್ಲ ಕಳೆಯಿತು. ನಡುವೆ ಮದುವೆಯಾಯಿತು, ಒಬ್ಬಳು ಮಗಳು ಹುಟ್ಟಿದಳು, ಗಂಡ ಸತ್ತ. ಕೌಂಟರು ಮಾತ್ರ ಬದಲಾಗಲಿಲ್ಲ. ಅವಳ ಬೆನ್ನ ಹಿಂದೆ ಮೇಲ್ಛಾವಣಿಯವರೆಗೆ ಔಷಧಿಯ ಗೂಡುಗಳು. ಗಿರಾಕಿಯ ಮುಖ ನೋಡಿ ಮಾತಾಡುತ್ತಿದ್ದಂತೆಯೇ ಅವಳ ಕೈ ಹಿಂದಕ್ಕೆ ಹೋಗಿ ಬೇಕಾದ ಡಬ್ಬಿಯನ್ನು ತರುತ್ತಿತ್ತು. ತಿರುಗಿ ನೋಡುವ ಪದ್ಧತಿಯೇ ಇರಲಿಲ್ಲ.

ಅಂಗಡಿಯ ಯಜಮಾನ ಒಮ್ಮೆ ಎಲ್ಲ ಔಷಧಿಗಳನ್ನೂ ಅಕ್ಷರದ ಕ್ರಮದಲ್ಲಿ ಚೆಂದವಾಗಿ ಜೋಡಿಸಿಟ್ಟಿದ್ದನಂತೆ. ಅಕ್ಕ ದಿನವಿಡೀ ಮುಖ ಗಂಟಿಕ್ಕಿಕೊಂಡಿದ್ದು, ಅಂಗಡಿ ಮುಚ್ಚುವ ಹೊತ್ತಿಗೆ ಒಂದೊಂದನ್ನೂ ಹಳೆಯ ಜಾಗಕ್ಕೇ ತಂದಿಟ್ಟಳಂತೆ. “ಕೈಗೆ ಗೊತ್ತಿರೋದನ್ನ ತಲೆಗೆ ಯಾಕೆ ಕೊಡ್ಬೇಕು?” ಎಂದು ಯಜಮಾನನಿಗೇ ದಬಾಯಿಸಿದಳಂತೆ. ಈ ಕಥೆಯನ್ನು ಅರ್ಧಬೆರಳೇ ಆಫೀಸಿನಲ್ಲಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದ. ಹೇಳಿ ನಗಿಸುವುದು ಬೇರೆ, ತಾನು ಹೇಳಿದ್ದನ್ನು ತಾನೇ ಕೇಳಿಸಿಕೊಳ್ಳುವುದು ಬೇರೆ.

ಅಕ್ಕ ಮಗಳೊಂದಿಗೆ ನೆಲಮಹಡಿಯ ಎರಡು ಬಾಡಿಗೆ ಕೋಣೆಗಳಲ್ಲಿದ್ದಳು. ಮುಂದಿನ ಕೋಣೆಗೆ ಬೀದಿಯ ಕಡೆ ಒಂದು ದೊಡ್ಡ ಕಿಟಕಿ. ಕೆಲಸವಿಲ್ಲದ ಹೊತ್ತಿನಲ್ಲಿ ಅಲ್ಲಿ ಕೂತು ಹೋಗಿಬರುವವರ ನಡಿಗೆ, ಚಪ್ಪಲಿ, ಜಗಳಗಳ ಮೇಲೆ ಟೀಕೆ ಮಾಡುವುದೇ ಅವಳ ಮನರಂಜನೆ. ತಮ್ಮ ಬೇರೆ ಕಡೆ, ಹಳೆಯ ಕಟ್ಟಡವೊಂದರ ತುತ್ತತುದಿಯ ಒಂಟಿ ಕೋಣೆಯಲ್ಲಿದ್ದ. ಮದುವೆಯಾಗಿರಲಿಲ್ಲ. ಭಾನುವಾರ ತಪ್ಪದೆ ಅಕ್ಕನ ಮನೆಗೆ ಬಂದು, ಅವಳ ಕೈಯಡುಗೆ ಉಂಡು, ಅವಳಿಂದ ಬೈಸಿಕೊಂಡು ಹೋಗುತ್ತಿದ್ದ. ಅವಳ ಬೈಗುಳವಿಲ್ಲದಿದ್ದರೆ ಅವನಿಗೆ ವಾರ ಶುರುವಾಗುತ್ತಲೇ ಇರಲಿಲ್ಲ.

ಒಂದು ಬೆಳಿಗ್ಗೆ ಕೌಂಟರಿನ ಹಿಂದೆ ನಿಂತಿದ್ದ ಹಾಗೆಯೇ ಅವಳಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ಹೋಯಿತು. ಅಕ್ಷರ, ಅಂಕಿ, ಗುರುತು ಯಾವುದೂ ತಲೆಗೆ ಹತ್ತದಂತಾಯಿತು. ಇಷ್ಟು ಹೋಗಿಯೂ ಬುದ್ಧಿ ಉಳಿದಿತ್ತು. ಅದೇ ದೊಡ್ಡ ಸಂಕಟ. ಬೇರೆಯವರಾಡುವ ಮಾತು ಅವಳಿಗೆ ಅರ್ಥವಾಗುತ್ತಿತ್ತು, ಅವಳ ಮನಸ್ಸಿನಲ್ಲಿದ್ದದ್ದು ಹೊರಗೆ ಬರಲು ಮಾತ್ರ ಒಂದು ಕಿಂಡಿಯೂ ಇರಲಿಲ್ಲ. ತಲೆಯಾಡಿಸಿದರೆ ಹೌದೋ ಅಲ್ಲವೋ ತಿಳಿಯುತ್ತಿರಲಿಲ್ಲ. ಸುಮ್ಮಸುಮ್ಮನೆ ನಗು ಉಕ್ಕುತ್ತಿತ್ತು, ಕಾರಣವಿಲ್ಲದೆ ಅಳು ಹರಿಯುತ್ತಿತ್ತು. “ಇನ್ಮೇಲೆ ಅವರ ಮುಖ ನೋಡಿ ಏನನ್ನೂ ತೀರ್ಮಾನ ಮಾಡಬೇಡಿ. ನಗು, ಅಳು ಅವರ ಕೈಯಲ್ಲಿಲ್ಲ” ಎಂದು ಡಾಕ್ಟರು ಹೇಳಿ ಕಳಿಸಿದರು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಹೆಂಗಸು ಒಂದು ರಟ್ಟಿನ ಹಲಗೆ ಕೊಟ್ಟಿದ್ದರು. ಅದರಲ್ಲಿ ಲೋಟ, ಹಾಸಿಗೆ, ಬಚ್ಚಲು ಎಂದು ಚಿತ್ರಗಳಿದ್ದವು. ಬೇಕಾದದ್ದನ್ನು ಬೆರಳಿಟ್ಟು ತೋರಿಸಬೇಕು. ಅರ್ಧಬೆರಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಮೂಗು ಮುರಿದ. ಮನೆಗೆ ಹೋಗಿ ಊಟ ನಿದ್ದೆ ಬಿಟ್ಟು ಕೂತು, ಟ್ಯಾಬಿನ ಮೇಲೆ ಅಕ್ಕನಿಗಾಗಿ ಒಂದು ಚಿತ್ರದ ಹಲಗೆ ಮಾಡಿದ. ಜೀವಮಾನದಲ್ಲಿ ಅಷ್ಟು ಪ್ರೀತಿಯಿಂದ ಅವನು ಬೇರೆ ಏನನ್ನೂ ಮಾಡಿರಲಿಲ್ಲ. ಮೇಲೆ ನೀರು, ಚಹಾ, ಬಚ್ಚಲು, ಕಿಟಕಿ, ಹೊದಿಕೆ. ನಡುವೆ ಕೆಂಪು ಬಣ್ಣದ ನೋವು. ಕೆಂಪು ನೋವಿಗೆ ಮಾತ್ರ ಮೀಸಲು, ಬೇರೆ ಎಲ್ಲಿಯೂ ಕೆಂಪಿಲ್ಲ. ಕೆಳಗೆ ಎರಡು ದೊಡ್ಡ ನೀಲಿ ಗುಂಡಿಗಳು. ಎಡಕ್ಕೆ ‘ಹ್ಞೂಂ’, ಬಲಕ್ಕೆ ‘ಬೇಡ’. ಒತ್ತಿದರೆ ಟಿಕ್ ಎಂಬ ಸದ್ದು. ಮೊದಲು ಮಾತೇ ಕೇಳಿಸುವಂತೆ ಮಾಡಿದ್ದ. ಯಾರೋ ಹುಡುಗಿಯ ಧ್ವನಿ ಅಮ್ಮನ ಪರವಾಗಿ ಮಾತಾಡುವುದು ಮಗಳಿಗೆ ಸಹಿಸಲಾಗಲಿಲ್ಲ, ಅಕ್ಕನೂ ಬೆಚ್ಚಿಬೀಳುತ್ತಿದ್ದಳು. ಅದನ್ನು ತೆಗೆದುಹಾಕಿದ.

ಅಕ್ಕ ಕಲಿತಳು. ಯಾರೂ ನಂಬದಷ್ಟು ಬೇಗ ಕಲಿತಳು. ಎಡಗೈಯ ಬೆರಳುಗಳು ಹಲಗೆಯ ಮೇಲೆ ಮೊದಲು ತಡಕಾಡಿದವು, ಆಮೇಲೆ ಓಡಾಡಿದವು. ಮಹಡಿಯ ಮೇಲಿನ ಹೆಂಗಸೊಬ್ಬಳು ನೋಡಲು ಬಂದು, ತನ್ನ ಮಂಡಿನೋವಿನ ಪುರಾಣ ಬಿಚ್ಚಿ ಏಳುವ ಲಕ್ಷಣವೇ ಕಾಣದಿದ್ದಾಗ ಅಕ್ಕ ಕೆಂಪು ಗುಂಡಿ ಒತ್ತಿದಳು. “ಅಯ್ಯೋ, ಎಲ್ಲಿ ನೋವು?” ಎಂದು ಆಕೆ ಗಾಬರಿಯಾದಳು. ಅಕ್ಕ ಆಕೆಯತ್ತಲೇ ನೋಡುತ್ತ ಇನ್ನೊಮ್ಮೆ ಒತ್ತಿದಳು. ಮಗಳು ಬಾಯಿಗೆ ಸೆರಗು ಅಡ್ಡ ಹಿಡಿದು ಒಳಗೆ ಓಡಿದಳು. ತಮ್ಮ ತನ್ನ ಆಫೀಸಿನ ಸಾಹಸ ಹೇಳಲು ಶುರುಮಾಡಿದರೆ ‘ಬಚ್ಚಲು’ ಒತ್ತುತ್ತಿದ್ದಳು. ಅಕ್ಕ ಅಕ್ಕನೇ ಆಗಿ ಉಳಿದಿದ್ದಾಳೆ ಎಂದು ಆ ದಿನಗಳಲ್ಲಿ ಅವರಿಬ್ಬರಿಗೂ ಹೋದ ಜೀವ ಬಂದಂತಾಗಿತ್ತು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಕೈಮುಗಿದು ಹೇಳುತ್ತೇನೆ, ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಅರ್ಧಬೆರಳು ನಿಲ್ಲಿಸುವ ಪೈಕಿಯೇ? ಪ್ರತಿ ಭಾನುವಾರ ಬಂದು ಪಕ್ಕದಲ್ಲಿ ಬಾಯಿಗೆ ಬೀಗ ಹಾಕಿ ಕೂತ. ಯಾವುದನ್ನು ಅವಳು ಹೆಚ್ಚು ಒತ್ತುತ್ತಾಳೆ, ಯಾವುದಕ್ಕೆ ಕೈ ಚಾಚಲು ಕಷ್ಟಪಡುತ್ತಾಳೆ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಹೆಚ್ಚು ಬೇಕಾದದ್ದು ಹತ್ತಿರ ಬರಬೇಕು, ದೊಡ್ಡದಾಗಬೇಕು. ಅಪರೂಪಕ್ಕೆ ಬೇಕಾದದ್ದು ಚಿಕ್ಕದಾಗಿ ಮೂಲೆ ಸೇರಬೇಕು. ನೀರು ಕೆಳಗೆ ಬಂತು, ಚಹಾ ಪಕ್ಕಕ್ಕೆ ಹೋಯಿತು, ಹೊದಿಕೆ ಇನ್ನೊಂದು ಪುಟಕ್ಕೆ ಹಾರಿತು. ಪುಸ್ತಕದಲ್ಲಿ ಬರೆದಂತೆ ಎಲ್ಲವೂ ಸರಿಯಾಗಿತ್ತು.

ಅಕ್ಕ ತಪ್ಪು ಒತ್ತತೊಡಗಿದಳು. ನೀರು ಕೊಟ್ಟರೆ ಲೋಟ ತಳ್ಳುತ್ತಿದ್ದಳು, ಚಹಾ ತಂದರೆ ಅಳುತ್ತಿದ್ದಳು. ಅರ್ಧಬೆರಳಿಗೆ ಇದರ ಅರ್ಥ ಒಂದೇ: ಸ್ಕ್ರೀನಿನಲ್ಲಿ ಇನ್ನೂ ಏನೋ ದೋಷವಿದೆ. ಸರಿ, ಮುಂದಿನ ಭಾನುವಾರ ಮತ್ತೆ ಸರಿಸಿದ. ಅಕ್ಕ ಮತ್ತೆ ತಪ್ಪಿದಳು. ಅವಳು ಚಿತ್ರ ನೋಡುತ್ತಿಲ್ಲ, ಕೌಂಟರಿನಲ್ಲಿ ಮಾಡಿದಂತೆ ಜಾಗವನ್ನು ಕಲಿತಿದ್ದಾಳೆ, ಕೈಯಿಂದ ಕಲಿತಿದ್ದಾಳೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ತಲೆಗೆ ಹತ್ತದ ಮೇಲೆ ಕೈಗಾದರೂ ಹತ್ತಲಿ ಎಂದು ಆ ಬಡಜೀವ ಹಟ ಹಿಡಿದು ಕಲಿತದ್ದನ್ನು ಇವನು ವಾರಕ್ಕೊಮ್ಮೆ ಬಂದು ಅಳಿಸಿ ಹೋಗುತ್ತಿದ್ದ.

“ಮಾಮ, ಇದ್ದ ಹಾಗೇ ಇರ್ಲಿ ಬಿಡು. ಅಮ್ಮಂಗೆ ಗಲಿಬಿಲಿ ಆಗ್ತಿದೆ” ಎಂದು ಅಕ್ಕನ ಮಗಳು ಒಮ್ಮೆ ಹೇಳಿದಳು.

“ಗಲಿಬಿಲಿ ಆಗ್ತಿರೋದಕ್ಕೇ ಬದಲಾಯಿಸ್ತಿರೋದು ಕಣೇ. ಸ್ವಲ್ಪ ತಾಳು, ಸರಿಹೋಗತ್ತೆ.”

“ಮುಂಚೆ ಸರಿಯಾಗಿತ್ತಲ್ಲ?”

“ಮುಂಚೆ ಪರವಾಗಿರ್ಲಿಲ್ಲ ಅಷ್ಟೇ. ಪರವಾಗಿಲ್ಲ ಬೇರೆ, ಸರಿ ಬೇರೆ” ಎಂದ. ಈ ಮಾತನ್ನು ಅವನು ಆಫೀಸಿನಲ್ಲೂ ಆಡುತ್ತಿದ್ದ. ಅಲ್ಲಿ ಅದಕ್ಕೆ ಮೆಚ್ಚುಗೆ ಸಿಗುತ್ತಿತ್ತು.

ಕೊನೆಗೆ ಅವನ ಕಣ್ಣು ಕೆಳಗಿನ ಎರಡು ನೀಲಿ ಗುಂಡಿಗಳ ಮೇಲೆ ಬಿತ್ತು. ಟ್ಯಾಬನ್ನು ಮಡಿಲ ಮೇಲೆ ಇಟ್ಟುಕೊಂಡಾಗ ಅಕ್ಕನ ಎಡಗೈ ಅದರ ಎಡಮೂಲೆಯ ಮೇಲೇ ಒರಗಿರುತ್ತಿತ್ತು. ಅಲ್ಲಿದ್ದದ್ದು ‘ಹ್ಞೂಂ’. ಅಂದರೆ ಕೈ ಸುಮ್ಮನೆ ಜಾರಿದರೂ ಒಪ್ಪಿಗೆ ಬಿದ್ದುಬಿಡುತ್ತದೆ. ತಪ್ಪಿ ‘ಬೇಡ’ ಎಂದರೆ ಗಂಟೇನೂ ಹೋಗುವುದಿಲ್ಲ, ಇನ್ನೊಮ್ಮೆ ಕೇಳಿದರಾಯಿತು. ತಪ್ಪಿ ‘ಹ್ಞೂಂ’ ಎಂದರೆ ಅನಾಹುತ. ಆದ್ದರಿಂದ ‘ಬೇಡ’ ಹತ್ತಿರ, ಎಡಕ್ಕೆ ಇರಬೇಕು. ‘ಹ್ಞೂಂ’ ದೂರ, ಬಲತುದಿಯಲ್ಲಿರಬೇಕು. ಕೈಚಾಚಿ, ಮನಸ್ಸಿಟ್ಟು ಒತ್ತಿದರೆ ಮಾತ್ರ ಒಪ್ಪಿಗೆ. ಅಷ್ಟೇ ಅಲ್ಲ, ಒತ್ತಿದ ಮೇಲೆ ಯಂತ್ರ ‘ಖಂಡಿತವಾ?’ ಎಂಬ ಬರಹ ತೋರಿಸಿ, ಅದೇ ಜಾಗದಲ್ಲಿ ಇನ್ನೊಮ್ಮೆ ಒತ್ತಿಸಿಕೊಳ್ಳಬೇಕು. ಎಷ್ಟು ಜೋಪಾನ ನೋಡಿ. ಆಫೀಸಿನಲ್ಲಿ ಮಾಡಿದ್ದರೆ ಬೆನ್ನು ತಟ್ಟುತ್ತಿದ್ದರು.

“ಅಕ್ಕ, ಇಲ್ನೋಡು, ಇವೆರಡನ್ನೂ ಅದಲುಬದಲು ಮಾಡಿದೀನಿ. ಗೊತ್ತಾಯ್ತಾ?” ಎಂದು ತೋರಿಸಿದ. ಅಕ್ಕ ನಕ್ಕಳು. “ನಾನು ನಿನ್ನ ತಮ್ಮ ತಾನೇ?” ಎಂದು ಪರೀಕ್ಷೆಗೆ ಕೇಳಿದ. ಅಕ್ಕ ಎಡಕ್ಕೆ ಒತ್ತಿದಳು. ಸ್ಕ್ರೀನಿನ ಮೇಲೆ ‘ಬೇಡ’ ಎಂದು ಬಿತ್ತು. ಮಾಮ, ಸೋದರಸೊಸೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. “ನೋಡೇ, ಇಂಥ ತಮ್ಮನೇ ಬೇಡವಂತೆ” ಎಂದು ಅವನು ಕಣ್ಣೊರೆಸಿಕೊಂಡ. ಅಕ್ಕನೂ ನಗುತ್ತಿದ್ದಳು. ಆ ನಗು ಅವಳದೋ, ಲಕ್ವದ್ದೋ, ಯಾರಿಗೆ ಗೊತ್ತು?

ಅದರ ಮರುವಾರವೇ ಒಂದು ದೊಡ್ಡ ಪ್ರಶ್ನೆ ಎದುರಾಯಿತು. ಅಕ್ಕನ ಮಗಳು ಕಣ್ಣಾಸ್ಪತ್ರೆಯೊಂದರಲ್ಲಿ ಕನ್ನಡಕದ ನಂಬರು ಪರೀಕ್ಷಿಸುವ ಕೆಲಸದಲ್ಲಿದ್ದಳು. ಆಸ್ಪತ್ರೆಯವರು ಅವಳ ವಿಭಾಗವನ್ನು ದೂರದ ಇನ್ನೊಂದು ಊರಿಗೆ ಎತ್ತಿಬಿಟ್ಟರು. ಹೋದರೆ ಕೆಲಸ ಉಂಟು, ಇಲ್ಲವಾದರೆ ಇಲ್ಲ. ಅಮ್ಮನನ್ನು ಕರೆದೊಯ್ಯೋಣವೆಂದರೆ ಅಲ್ಲಿ ಸಿಕ್ಕಿದ್ದು ಹಾಸ್ಟೆಲಿನ ಒಂದು ಮಂಚ. ಇಲ್ಲೇ ಊರಂಚಿನಲ್ಲಿ ಇಂಥ ರೋಗಿಗಳನ್ನು ಇಟ್ಟುಕೊಂಡು ನೋಡಿಕೊಳ್ಳುವ ಸೆಂಟರ್ ಒಂದಿತ್ತು. ಜಾಗ ಖಾಲಿಯಿದೆ ಎಂದು ಅವರು ತಿಳಿಸಿದ್ದರು.

ಮಾಮ ಸೊಸೆ ಇಬ್ಬರೂ ಒಂದು ಮಾತಿಗೆ ಬಂದರು. ಅಕ್ಕನನ್ನು ಕೇಳದೆ ಹೊಸ್ತಿಲು ದಾಟಿಸುವುದಿಲ್ಲ. ಅವಳು ಬೇಡವೆಂದರೆ ಮಗಳು ಕೆಲಸದ ಊರಿಗೆ ಹೋಗಲಿ, ತಮ್ಮ ತನ್ನ ಕೋಣೆ ಖಾಲಿಮಾಡಿ ಇಲ್ಲಿಗೇ ಬಂದಿರಲಿ. ಹಗಲು ನೋಡಿಕೊಳ್ಳುವ ಕೆಲಸದವಳು ಹೇಗೂ ಇದ್ದಾಳೆ. ಅರ್ಧಬೆರಳು ಬಾಯಿಮಾತಿಗೆ ಹೇಳಿದ್ದಲ್ಲ. ತನ್ನ ಮಂಚ ಯಾವ ಗೋಡೆಗೆ ಬರಬೇಕು ಎಂದು ಗೇಣು ಹಾಕಿ ಅಳೆದೂ ಇದ್ದ. ಆದರೂ ಅಕ್ಕನನ್ನು ಎತ್ತಿ ಕೂರಿಸುವುದು, ಒರೆಸುವುದು, ದಿನದಿನವೂ ಅದೇ, ಮುಂದೆ ಎಷ್ಟು ವರ್ಷವೋ ಎಂದು ನೆನೆದಾಗ ಇದು ತನ್ನಿಂದಾಗದು ಎನಿಸುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಮಗಳು ಅಮ್ಮನ ಮುಂದೆ ಮಂಡಿಯೂರಿ ಕೂತು ಎಲ್ಲವನ್ನೂ ಬಿಡಿಸಿ ಹೇಳಿದಳು. “ಅಮ್ಮ, ನೀನು ಬೇಡ ಅಂದ್ರೆ ಮಾಮ ಇಲ್ಲಿಗೇ ಬರ್ತಾನೆ. ನೀನು ಇಲ್ಲೇ ಇರ್ಬಹುದು. ನಿನ್ನ ಮನಸಲ್ಲಿರೋದನ್ನ ಹೇಳು. ಆ ಸೆಂಟರ್‌ಗೆ ಹೋಗ್ತೀಯಾ?”

ಅಕ್ಕ ಮಗಳ ಮುಖ ನೋಡಿದಳು, ತಮ್ಮನ ಮುಖ ನೋಡಿದಳು, ಕಿಟಕಿಯ ಕಡೆ ನೋಡಿದಳು. ಆಮೇಲೆ ಎಡಗೈಯನ್ನು ಎತ್ತಿ, ಮೈಯನ್ನೇ ಓರೆ ಮಾಡಿ, ಟ್ಯಾಬಿನ ಅಡ್ಡಕ್ಕೂ ಚಾಚಿ, ಬಲತುದಿಯ ಗುಂಡಿಯನ್ನು ಒತ್ತಿದಳು. ಸ್ಕ್ರೀನಿನ ಮೇಲೆ ‘ಖಂಡಿತವಾ?’ ಎಂದು ಮೂಡಿತು. ಅಲ್ಲೇ ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಒತ್ತಿದಳು. ಕೈತಪ್ಪಿ ಆದದ್ದೆಂದು ಯಾರೂ ಹೇಳುವಂತಿರಲಿಲ್ಲ. ಅಷ್ಟು ದೂರ ಕೈಚಾಚಿ ಯಾರು ತಪ್ಪಿ ಒತ್ತುತ್ತಾರೆ?

ಮಗಳು ಅಮ್ಮನ ಮಡಿಲಲ್ಲಿ ಮುಖವಿಟ್ಟು ಅತ್ತಳು. “ನಮಗೆ ಕಷ್ಟ ಆಗ್ಬಾರ್ದು ಅಂತ ಒಪ್ಕೊಂಡ್ಬಿಟ್ಲು ಮಾಮ” ಎಂದಳು. ಅಕ್ಕನೂ ಅತ್ತಳು, ಬಲತುದಿಯ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದಳು. ಟಿಕ್ ಟಿಕ್ ಎಂದು ಸದ್ದಾಗುತ್ತಲೇ ಇತ್ತು. ಅವಳ ಅಳುವನ್ನು ನಂಬಬಾರದೆಂದು ಡಾಕ್ಟರು ಹೇಳಿದ್ದರಲ್ಲ, ಯಾರೂ ನಂಬಲಿಲ್ಲ.

ಅರ್ಧಬೆರಳಿನ ಎದೆಯಲ್ಲಿ ಮೊದಲು ಹುಟ್ಟಿದ್ದು ದುಃಖವಲ್ಲ, ನಿರಾಳ. ಭಾರ ಇಳಿದಂತಾಯಿತು. ಇದನ್ನು ಮುಚ್ಚಿಡುವುದು ಬೇಡ. ಒಂದು ಟಿಕೆಟ್ ಯಂತ್ರದ ಬಣ್ಣ ಸರಿಯೋ ತಪ್ಪೋ ತಿಳಿಯಲು ಊರ ಮಂದಿಯನ್ನೆಲ್ಲ ಕರೆಸಿ, ಪ್ರಶ್ನೆಯನ್ನು ಹಿಂದುಮುಂದು ಮಾಡಿ ಮತ್ತೆ ಮತ್ತೆ ಕೇಳುವ ಮನುಷ್ಯ, ಅಕ್ಕನನ್ನು ಇನ್ನೊಂದು ಬಗೆಯಲ್ಲಿ ಕೇಳಲಿಲ್ಲ. ‘ಇಲ್ಲೇ ಇರ್ತೀಯಾ ಅಕ್ಕ?’ ಎಂದು ಒಂದೇ ಒಂದು ಸಲ ಕೇಳಿದ್ದರೂ ಎಲ್ಲ ಬಯಲಾಗುತ್ತಿತ್ತು. ಬೇಕಾದ ಉತ್ತರ ಬಂದಾಗ ಎರಡನೆಯ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ.

ಮುಂದಿನದೆಲ್ಲ ಸರಸರ ನಡೆದುಹೋಯಿತು. ಅಕ್ಕ ಸೆಂಟರ್ ಸೇರಿದಳು, ಮಗಳು ಹೊಸ ಊರು ಸೇರಿದಳು. ಮನೆ ಮಾಲೀಕ ಎರಡು ಕೋಣೆಗಳ ನಡುವಿನ ಗೋಡೆ ಒಡೆಸಿ, ಕಿಟಕಿ ಕಿತ್ತು ಷಟರ್ ಹಾಕಿಸಿ, ಗಾಜು ಮಾರುವ ಅಂಗಡಿಗೆ ಕೊಟ್ಟ. ಹಗಲು ನೋಡಿಕೊಳ್ಳುತ್ತಿದ್ದವಳು ಬೇರೆ ಮನೆ ಹಿಡಿದಳು. ಅರ್ಧಬೆರಳು ಭಾನುವಾರ ಭಾನುವಾರ ಬಸ್ಸು ಹಿಡಿದು ಸೆಂಟರಿಗೆ ಹೋಗುತ್ತಿದ್ದ. ಉದ್ದನೆಯ ಕೋಣೆ, ಎರಡು ಸಾಲು ಮಂಚಗಳು, ಫಿನಾಯಿಲು ಮತ್ತು ಬೇಯಿಸಿದ ತರಕಾರಿ ಸೇರಿದ ಒಂದು ವಾಸನೆ. ಅಕ್ಕನ ಮಂಚಕ್ಕೆ ಅದೃಷ್ಟವಶಾತ್ ಒಂದು ಕಿಟಕಿ ಸಿಕ್ಕಿತ್ತು. ಅದರಿಂದ ಕಾಣುತ್ತಿದ್ದದ್ದು ಕಾಂಪೌಂಡು ಗೋಡೆ ಮತ್ತು ಬಟ್ಟೆ ಒಣಹಾಕುವ ತಂತಿ. ಅಕ್ಕ ಅವನನ್ನು ನೋಡಿದರೆ ಮುಖ ತಿರುಗಿಸುತ್ತಿದ್ದಳು. ಮುಖವನ್ನು ನಂಬಬಾರದು ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ.

ಒಂದು ಭಾನುವಾರ ಅಲ್ಲಿಯ ಆಯಾ ಹೊಗಳಲು ನಿಂತಳು. “ನಿಮ್ಮ ಅಕ್ಕನಂಥ ಸಾಧು ಪೇಷೆಂಟ್ ಇಲ್ಲ ಸರ್. ಏನ್ ಕೇಳಿದ್ರೂ ಹ್ಞೂಂ ಅಂತಾರೆ. ಆಮೇಲೆ ಮಾತ್ರ ಸಿಟ್ಟು ಮಾಡ್ಕೋತಾರೆ, ಅದೊಂದೇ ತೊಂದ್ರೆ.”

“ಸಿಟ್ಟು ಅಂದ್ರೆ?”

“ನೀವೇ ನೋಡಿ ಸರ್” ಎಂದ ಆಯಾ, ಅಕ್ಕನ ಕಡೆ ಬಗ್ಗಿ, “ಅಮ್ಮ, ಗಾಳಿ ಜಾಸ್ತಿ ಇದೆ. ಕಿಟಕಿ ಮುಚ್ಲಾ?” ಎಂದು ಕೇಳಿದಳು.

ಅರ್ಧಬೆರಳು ಮಂಚದ ಪಕ್ಕದ ಸ್ಟೂಲಿನ ಮೇಲೆ, ಆಫೀಸಿನಲ್ಲಿ ಕೂರುವ ಹಾಗೆಯೇ ಬಾಯಿಮುಚ್ಚಿ ಕೂತಿದ್ದ. ಅಕ್ಕನ ಎಡಗೈ ಎದ್ದಿತು. ಮೈ ಓರೆಯಾಯಿತು. ಟ್ಯಾಬಿನ ಅಡ್ಡಕ್ಕೂ ಚಾಚಿ ಬಲತುದಿಯನ್ನು ಒತ್ತಿತು, ಮತ್ತೆ ಒತ್ತಿತು. ಆಯಾ ಕಿಟಕಿ ಮುಚ್ಚಿದಳು. ಅಕ್ಕ ಅಂಗೈಯಿಂದ ಹಾಸಿಗೆಗೆ ಬಡಿಯತೊಡಗಿದಳು.

“ನೋಡಿದ್ರಾ? ತಾನೇ ಹ್ಞೂಂ ಅನ್ನೋದು, ತಾನೇ ರಂಪ ಮಾಡೋದು” ಎಂದು ಆಯಾ ನಕ್ಕಳು.

ಕಿಟಕಿಯೇ ಪ್ರಾಣವಾಗಿದ್ದ ಹೆಂಗಸು ಕಿಟಕಿ ಮುಚ್ಚಲು ಹ್ಞೂಂ ಎನ್ನುತ್ತಾಳೆಯೇ? ಅರ್ಧಬೆರಳು ಟ್ಯಾಬನ್ನು ನೇರ ಮಾಡಿ, “ಅಕ್ಕ, ನಾನು ನಿನ್ನ ತಮ್ಮ ತಾನೇ?” ಎಂದು ಕೇಳಿದ. ಅಕ್ಕ ಎಡಕ್ಕೆ ಒತ್ತಿದಳು. ‘ಬೇಡ’ ಎಂದು ಬಿತ್ತು. ಈ ಸಲ ಅವಳು ನಗುತ್ತಿರಲಿಲ್ಲ. ಅವಳ ಕೈಗೆ ಎಡ ಎಂದರೆ ಇಂದಿಗೂ ಹ್ಞೂಂ, ಬಲ ಎಂದರೆ ಇಂದಿಗೂ ಬೇಡ. ಮನೆಯಲ್ಲಿ ಅಂದು ಅವಳು ಅಷ್ಟು ದೂರ ಕೈಚಾಚಿ, ಎರಡೆರಡು ಸಲ, ಅಳುತ್ತ, ಮತ್ತೆ ಮತ್ತೆ ಒತ್ತಿ ಹೇಳಿದ್ದು ‘ಬೇಡ, ಬೇಡ, ಬೇಡ’ ಎಂದು. ಅದನ್ನು ‘ಹ್ಞೂಂ’ ಮಾಡಿದ್ದು ಅವನ ಜೋಪಾನ.

ಅದೇ ಹೊತ್ತಿಗೆ ಅಕ್ಕನ ಮಗಳ ಫೋನು ಬಂತು. ಅವನು ಎದ್ದು ಕಾರಿಡಾರಿಗೆ ಹೋದ.

“ಅಮ್ಮ ಹೇಗಿದಾಳೆ ಮಾಮ?”

“ಇದಾಳೆ.”

“ಊಟ ಮಾಡ್ತಾಳಾ? ಅಳ್ತಾಳಾ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೇಳಿದಳು, “ನಂಗೆ ಇಲ್ಲಿ ಒಂದು ತುತ್ತು ಗಂಟಲಲ್ಲಿ ಇಳಿಯಲ್ಲ ಮಾಮ. ಅವಳೇ ಹ್ಞೂಂ ಅಂದ್ಲಲ್ಲ, ಅದೊಂದನ್ನ ನೆನೆಸ್ಕೊಂಡು ದಿನ ತಳ್ತಿದೀನಿ.”

ಹೇಳಬೇಕೆಂದು ಬಾಯಿ ತೆರೆದ. ಹೇಳಿ ಏನು ಮಾಡುವುದು? ಅವಳು ಕೆಲಸ ಬಿಟ್ಟು ಓಡಿ ಬರುತ್ತಾಳೆ. ಎಲ್ಲಿಗೆ ಬರುತ್ತಾಳೆ? ಗಾಜಿನ ಅಂಗಡಿಗೋ? ತನ್ನ ಕೋಣೆಗೆ ಒಯ್ಯೋಣವೆಂದರೆ ಲಿಫ್ಟಿಲ್ಲದ ಮೆಟ್ಟಿಲು, ಕಾರಿಡಾರಿನ ಕೊನೆಯ ಬಚ್ಚಲು, ಬೆಳಗಿನಿಂದ ಸಂಜೆಯವರೆಗೆ ಮುಚ್ಚಿದ ಬಾಗಿಲು. ನೆಲಮಹಡಿಯ ಇನ್ನೊಂದು ಮನೆ ಹಿಡಿಯೋಣವೆಂದರೆ ಆಫೀಸಿನಲ್ಲಿ ಅರ್ಧ ಜನರನ್ನು ಮನೆಗೆ ಕಳಿಸುವ ಸುದ್ದಿ ಹಬ್ಬಿದೆ, ಪಟ್ಟಿಯಲ್ಲಿ ತನ್ನ ಹೆಸರೂ ಇದೆ ಎಂದು ಗುಸುಗುಸು ಕೇಳಿದ್ದಾನೆ. ಯಾವ ಕಡೆಯಿಂದ ನೋಡಿದರೂ ಹಿಂದಿರುಗುವ ದಾರಿ ಕಾಣಲಿಲ್ಲ.

“ಹ್ಞೂಂ” ಎಂದ. ಫೋನು ಇಟ್ಟಮೇಲೆ ಗೋಡೆಗೆ ಒರಗಿ, ಹೋಗಿಬರುವ ಆಯಾಗಳ ಎದುರೇ, ನಾಚಿಕೆ ಬಿಟ್ಟು ಅತ್ತ.

ಮಾಡಿದ ಹಲಗೆಗಳನ್ನೆಲ್ಲ ಅವನು ತೆಗೆದಿಟ್ಟಿದ್ದ. ಒಳಗೆ ಬಂದು, ಎಲ್ಲಕ್ಕಿಂತ ಮೊದಲಿನದನ್ನು ಹುಡುಕಿ ತೆಗೆದು, ಟ್ಯಾಬನ್ನು ಅಕ್ಕನ ಮಡಿಲ ಮೇಲಿಟ್ಟ. ಮೇಲೆ ನೀರು, ಚಹಾ, ಬಚ್ಚಲು, ಕಿಟಕಿ, ಹೊದಿಕೆ. ನಡುವೆ ಕೆಂಪು. ಕೆಳಗೆ ಎಡಕ್ಕೆ ‘ಹ್ಞೂಂ’, ಬಲಕ್ಕೆ ‘ಬೇಡ’. ಅಕ್ಕ ಅದರ ಕಡೆ ಸರಿಯಾಗಿ ನೋಡಲೂ ಇಲ್ಲ. ಕೈ ಮೇಲಕ್ಕೆ ಹೋಗಿ ಕಿಟಕಿಯನ್ನು ಒತ್ತಿತು.

“ಕಿಟಕಿ ತೆಗೀಲಾ?”

ಎಡಕ್ಕೆ ಒತ್ತಿದಳು. ‘ಹ್ಞೂಂ’. ಅವನು ಎದ್ದು ಕಿಟಕಿ ತೆಗೆದ. ತಂತಿಯ ಮೇಲಿನ ಒದ್ದೆ ಚಾದರದ ತಂಪು ಒಳಗೆ ಬಂತು. ಅಕ್ಕ ಮತ್ತೆ ಹಾಸಿಗೆ ಬಡಿಯಲಿಲ್ಲ. ಅವಳು ಟ್ಯಾಬನ್ನು ನೋಡಿದಳು, ಕಿಟಕಿಯನ್ನು ನೋಡಿದಳು. ಹೊದಿಕೆ ಒತ್ತಿದಳು, ಹೊದಿಕೆ ಬಂತು. ಕಾಲ ಮೇಲೆ ಎಳೆಯಲೇ ಎಂದರೆ ‘ಹ್ಞೂಂ’, ಇನ್ನೂ ಮೇಲಕ್ಕೆ ಎಂದರೆ ‘ಬೇಡ’. ಹೇಳಿದ್ದು ಹೇಳಿದಂತೆ ಆಗುತ್ತಿದೆ ಎಂದು ಅವಳಿಗೆ ಮನವರಿಕೆಯಾಗುವುದನ್ನು ಅವನು ಕಣ್ಣಾರೆ ಕಂಡ. ಯಾವುದೋ ದೂರದ ಊರಿಗೆ ಹೋಗಿದ್ದವಳು ಬಾಗಿಲು ತೆರೆದು ಒಳಗೆ ಬಂದಂತಿತ್ತು.

ಆಮೇಲೆ ಅವಳು ಬೆರಳುಗಳನ್ನು ಟ್ಯಾಬಿನ ಅಂಚಿನ ಮೇಲಿಟ್ಟುಕೊಂಡು ಸುಮ್ಮನೆ ಕೂತಳು. ಕಣ್ಣು ತಮ್ಮನ ಮೇಲೆ ನೆಟ್ಟಿತ್ತು. ಇಷ್ಟು ವಾರ ತಿರುಗಿಸಿಕೊಂಡಿದ್ದ ಮುಖ ಈಗ ನೇರವಾಗಿ ಅವನ ಕಡೆಗಿತ್ತು. ಕಾಯುತ್ತಿದ್ದಳು. ಯಾವ ಪ್ರಶ್ನೆಗೆ ಕಾಯುತ್ತಿದ್ದಾಳೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ಪ್ರಶ್ನೆ ಕೇಳಿದರೆ ಅವಳು ಸರಿಯಾದ ಉತ್ತರವನ್ನೇ ಕೊಡುತ್ತಾಳೆ. ಕೊಟ್ಟಮೇಲೆ ಅವನು ಏನು ಮಾಡಬೇಕು?

“ನೀರು ಬೇಕಾ, ಅಕ್ಕ?” ಎಂದು ಕೇಳಿದ.

ಅಕ್ಕ ಮೈ ಓರೆ ಮಾಡಿ, ಬಲತುದಿಗೆ ಕೈಚಾಚಿ ‘ಬೇಡ’ ಒತ್ತಿದಳು.

“ಚಹಾ ತರ್ಸ್ಲಾ?”

‘ಬೇಡ’.

“ದಿಂಬು ಸರಿಮಾಡ್ಲಾ? ಲೈಟ್ ಹಾಕ್ಲಾ?”

‘ಬೇಡ’. ‘ಬೇಡ’. ಭೇಟಿಯ ಸಮಯ ಮುಗಿಯಿತೆಂದು ಗಂಟೆ ಬಾರಿಸುವವರೆಗೂ ಅವನು ಇಂಥವನ್ನೇ ಕೇಳುತ್ತ ಹೋದ. ಪ್ರತಿಯೊಂದಕ್ಕೂ ಅವಳು ಅದೇ ದಾರಿಯಲ್ಲಿ ಕೈಚಾಚಿ, ಒಂದೂ ತಪ್ಪದೆ ಉತ್ತರ ಕೊಟ್ಟಳು.